ಅಟ್ಟದ ಮೇಲಿನ ಕಾಲು

ಮಂಡ್ಯ ಸೀಮೆಯ ನಮ್ಮೂರಿನ ಮನೆಯ ಅಟ್ಟದ ಮೇಲೆ ಒಂದು ಕಾಲಿದೆ. ತಾತನ ಕಾಲದ ಹಿತ್ತಾಳೆ ಕೊಳಗ, ತೂತು ಬಿದ್ದ ಹಂಡೆ, ಹಳೆಯ ಗೋಣಿಚೀಲಗಳ ನಡುವೆ ಗೋಡೆಗೊರಗಿ ನಿಂತಿರುವ ಬಲಗಾಲು. ಮೊಣಕಾಲಿನಿಂದ ಕೆಳಗಿನದು. ಅದಕ್ಕೆ ಕಂದು ಬಣ್ಣದ ಬೂಟು ತೊಡಿಸಿದೆ, ಲೇಸು ಕೂಡ ಬಿಗಿದಿದೆ. ಗೌರಿ ಹಬ್ಬಕ್ಕೆ ಮೊದಲು ಮನೆಗೆ ಸುಣ್ಣ ಬಳಿಯುವಾಗ ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಮತ್ತೆ ಮೇಲಕ್ಕೇರಿಸುತ್ತಾರೆ. ಚಿಕ್ಕಂದಿನಲ್ಲಿ ನಾನೂ ನನ್ನ ತಮ್ಮನೂ ಅದನ್ನು ಹಿಡಿದುಕೊಂಡು ಅಂಗಳದ ಮಣ್ಣಿನಲ್ಲಿ ಹೆಜ್ಜೆ ಮೂಡಿಸುವ ಆಟ ಆಡಿ ದೊಡ್ಡಮ್ಮನ ಕೈಲಿ ಬೈಸಿಕೊಂಡಿದ್ದೆವು.

ಆ ಕಾಲು ನಮ್ಮ ದೊಡ್ಡಪ್ಪನದು. 2001ರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ ಅವರ ಬಲಗಾಲು ಹೋಯಿತು. ನನಗಾಗ ನಾಲ್ಕು ವರ್ಷ. ಮರುವರ್ಷ ಯಾವುದೋ ಆಸ್ಪತ್ರೆಯಿಂದ ಈ ಬೂಟುಗಾಲು ಬಂತು. ಮೂರು ತಿಂಗಳಲ್ಲಿ ಅದು ಅಟ್ಟ ಸೇರಿತು, ದೊಡ್ಡಪ್ಪ ಊರುಗೋಲಿಗೆ ಮರಳಿದರು. ನಾನು ಹೈಸ್ಕೂಲು ಸೇರಿದ ಹೊತ್ತಿಗೆ, 2010ರಲ್ಲಿ, ಇನ್ನೊಂದು ಕಾಲು ಬಂತು. ಅದರ ಪಾದಕ್ಕೆ ಐದು ಬೆರಳುಗಳಿದ್ದವು. ಆ ಕಾಲು ಹಾಕಿಕೊಂಡು ದೊಡ್ಡಪ್ಪ ಗದ್ದೆಗೂ ಇಳಿದರು, ಜಗಲಿಯ ಮೇಲೆ ಕೂತು ಎಲೆ ಅಡಿಕೆಯನ್ನೂ ಹಾಕಿಕೊಂಡರು. ಒಂದು ಕಾಲು ಅಟ್ಟಕ್ಕೆ ಹೋದದ್ದೇಕೆ, ಇನ್ನೊಂದು ಗದ್ದೆಗೆ ಇಳಿದದ್ದೇಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ನಾನು ಪಿಎಚ್.ಡಿ. ಮಾಡುತ್ತಿರುವುದು ಭಾರತದಲ್ಲಿ ಅಂಗವಿಕಲರ ಸಹಾಯಕ ಸಾಧನಗಳ ಚರಿತ್ರೆಯ ಬಗ್ಗೆ. ನಾನು ಇತಿಹಾಸದ ವಿದ್ಯಾರ್ಥಿನಿ. ನನ್ನ ಸಲಹಾ ಸಮಿತಿಯಲ್ಲಿ ಒಬ್ಬ ಮೂಳೆ ವೈದ್ಯರೂ ಒಬ್ಬ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಇದ್ದಾರೆ. ಅರ್ಜಿಯಲ್ಲಿ ಇದನ್ನು ‘ಅಂತರ್‌ಶಿಸ್ತೀಯ ಸಂಶೋಧನೆ’ ಎಂದು ಬರೆದುಕೊಂಡಿದ್ದೇನೆ. ಮೊದಲ ಸಭೆಯಲ್ಲಿ ಒಂದು ಕೃತಕ ಪಾದದ ಚಿತ್ರ ತೋರಿಸಿದಾಗ ವೈದ್ಯರು ಚರ್ಮದ ಮೇಲೆ ಬೀಳುವ ಒತ್ತಡದ ಬಗ್ಗೆ ಕೇಳಿದರು. ಎಂಜಿನಿಯರು ಅದು ಎಷ್ಟು ಭಾರ ತಡೆಯುತ್ತದೆ ಎಂದರು. ನನ್ನ ಮಾರ್ಗದರ್ಶಕರು ‘ಆಕರ ಯಾವುದು?’ ಎಂದರು. ಮೂರೂ ಸರಿಯಾದ ಪ್ರಶ್ನೆಗಳೇ. ಆದರೆ ಅದನ್ನು ಹಾಕಿಕೊಂಡವರು ಎಲ್ಲಿ ಕೂತು ಊಟ ಮಾಡುತ್ತಿದ್ದರು ಎಂಬ ಪ್ರಶ್ನೆ ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸುಮಾರು ಐವತ್ತೈದು ವರ್ಷಗಳ ಹಿಂದೆ ಜೈಪುರದ ಒಂದು ಆಸ್ಪತ್ರೆಯಲ್ಲಿ ಅದು ಇಬ್ಬರಿಗೆ ಹೊಳೆದಿತ್ತು. ದೊಡ್ಡಪ್ಪನ ಎರಡು ಕಾಲುಗಳ ವ್ಯತ್ಯಾಸಕ್ಕೆ ಉತ್ತರ ಅಲ್ಲಿದೆ.

*

ಕೃತಕ ಕಾಲಿನ ಚರಿತ್ರೆಯನ್ನು ನಮ್ಮಲ್ಲಿ ಹಲವರು ಋಗ್ವೇದದ ವಿಶ್ಪಲೆಯಿಂದ ಶುರುಮಾಡುತ್ತಾರೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಅವಳಿಗೆ ಅಶ್ವಿನೀದೇವತೆಗಳು ಲೋಹದ ಕಾಲು ಕೊಟ್ಟರೆಂಬ ಉಲ್ಲೇಖ ಅಲ್ಲಿದೆ. ವಿಶ್ಪಲೆ ಹೆಣ್ಣೋ ಕುದುರೆಯೋ ಎಂಬ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದೇವತೆಗಳು ಕೊಟ್ಟ ಕಾಲಿನ ಅಳತೆ ತೆಗೆದವರಾರು, ಬೆಸುಗೆ ಹಾಕಿದವರಾರು ಎಂಬುದಂತೂ ತಿಳಿಯುವಂತಿಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದವನು 16ನೇ ಶತಮಾನದ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಯ್ಸ್ ಪಾರೆ. ಯುದ್ಧಭೂಮಿಯಲ್ಲಿ ಸೈನಿಕರ ಕೈಕಾಲು ಕತ್ತರಿಸಬೇಕಾಗಿ ಬಂದಾಗ ರಕ್ತನಾಳಗಳನ್ನು ದಾರದಿಂದ ಬಿಗಿಯುವ ಪದ್ಧತಿಯನ್ನು ಬಳಕೆಗೆ ತಂದವನು ಆತ. ಅವನ ಪುಸ್ತಕಗಳಲ್ಲಿ ಹಲ್ಲುಚಕ್ರಗಳಿಂದ ಬೆರಳು ಮಡಚುವ ಕಬ್ಬಿಣದ ಕೈಗಳ ಚಿತ್ರಗಳಿವೆ. ಅವುಗಳನ್ನು ಮಾಡಿದ್ದು ತಾನಲ್ಲ, ಪ್ಯಾರಿಸ್ಸಿನಲ್ಲಿರುವ ಒಬ್ಬ ಬೀಗ ಮಾಡುವವನು ಎಂದು ಪಾರೆ ಬರೆದಿಟ್ಟಿದ್ದಾನೆ. ಆ ಕಸುಬುದಾರನನ್ನು ಕರೆಯುತ್ತಿದ್ದ ಹೆಸರನ್ನೂ ಹೇಳಿದ್ದಾನೆ: ‘ಪುಟ್ಟ ಲೊರೇನಿನವನು’. ಅವನ ನಿಜ ಹೆಸರೇನೋ ನಮಗೆ ಸಿಕ್ಕಿಲ್ಲ. ವೈದ್ಯನಿಗೆ ದೇಹ ಗೊತ್ತಿತ್ತು, ಬೀಗದವನಿಗೆ ಕೀಲು ಗೊತ್ತಿತ್ತು. ಒಬ್ಬನ ಹೆಸರು ವೈದ್ಯಕೀಯ ಚರಿತ್ರೆಯ ಎಲ್ಲ ಪುಸ್ತಕಗಳಲ್ಲೂ ಇದೆ, ಇನ್ನೊಬ್ಬನದು ಅಡ್ಡಹೆಸರಿನಲ್ಲಷ್ಟೇ ಉಳಿದಿದೆ.

ಕೃತಕ ಅಂಗಗಳ ಚರಿತ್ರೆಯಲ್ಲಿ ಯುದ್ಧಗಳದ್ದೇ ದೊಡ್ಡ ಪಾಲು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಕೈಕಾಲು ಕಳೆದುಕೊಂಡು ಮರಳಿದ ಸೈನಿಕರ ಸಂಖ್ಯೆ ಕಂಡು ಅಮೆರಿಕ ಸರ್ಕಾರ ಸಂಶೋಧನೆಗೆ ಹಣ ಸುರಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಎಂಜಿನಿಯರುಗಳೂ ವೈದ್ಯರೂ ಕೂಡಿ ನಡಿಗೆಯನ್ನು ಅಳೆದು ತೂಗಿದರು. 1950ರ ದಶಕದಲ್ಲಿ ಅಲ್ಲಿಂದ ಬಂದದ್ದೇ ‘ಸ್ಯಾಚ್’ ಎಂಬ ಪಾದ. ಅದರಲ್ಲಿ ತಿರುಗುವ ಕೀಲು ಇಲ್ಲ. ಹರಡಿನಿಂದ ಮುಂಗಾಲಿನವರೆಗೆ ಒಳಗೊಂದು ಗಟ್ಟಿಯಾದ ಮರದ ತುಂಡು, ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರು. ಹಿಮ್ಮಡಿ ಊರಿದಾಗ ಅದು ಒತ್ತಿಕೊಂಡು ಪೆಟ್ಟನ್ನು ನುಂಗುತ್ತದೆ. ಸರಳ, ಗಟ್ಟಿಮುಟ್ಟು, ರಿಪೇರಿಯ ತಂಟೆ ಕಡಿಮೆ. ಸಮತಟ್ಟಾದ ಕಾಲುದಾರಿಯ ಮೇಲೆ ಬೂಟು ಹಾಕಿಕೊಂಡು ನಡೆದು, ಕುರ್ಚಿಯ ಮೇಲೆ ಕೂರುವ ಮನುಷ್ಯನಿಗೆ ಅದು ಬಹಳ ಒಳ್ಳೆಯ ಪಾದ.

ಭಾರತದಲ್ಲಿಯೂ ಇದೇ ಯುದ್ಧದ ಕಾಲದಲ್ಲಿ, 1944ರಲ್ಲಿ, ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಶುರುವಾಯಿತು. ಸೈನಿಕರಿಗಾಗಿ ಹುಟ್ಟಿದ ಆ ಕೇಂದ್ರಕ್ಕೆ ಆಮೇಲೆ ದೇಶದ ಬೇರೆ ಬೇರೆ ಕಡೆಯಿಂದ ನಾಗರಿಕರನ್ನೂ ಕಳಿಸುತ್ತಿದ್ದರು. ದೂರದ ಪ್ರಯಾಣ, ವಾರಗಟ್ಟಲೆ ಕಾಯುವುದು, ಖರ್ಚು. ಇಷ್ಟೆಲ್ಲ ಆಗಿ ಕೈಗೆ ಬರುತ್ತಿದ್ದುದು ಪಶ್ಚಿಮದ ಮಾದರಿಯ, ಬೂಟು ಬೇಡುವ ಕಾಲು.

*

ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಪ್ರಮೋದ್ ಕರಣ್ ಸೇಠಿ ಎಂಬ ಶಸ್ತ್ರವೈದ್ಯರಿದ್ದರು. ಬನಾರಸ್‌ನಲ್ಲಿ 1927ರಲ್ಲಿ ಹುಟ್ಟಿದವರು, ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು. ಎಡಿನ್‌ಬರೋದಲ್ಲಿ ಎಫ್‌ಆರ್‌ಸಿಎಸ್ ಮುಗಿಸಿ ಬಂದ ಸಾಮಾನ್ಯ ಶಸ್ತ್ರವೈದ್ಯರಾದ ಅವರಿಗೆ 1950ರ ದಶಕದ ಕೊನೆಯಲ್ಲಿ ಮೂಳೆ ಚಿಕಿತ್ಸಾ ವಿಭಾಗ ಕಟ್ಟುವ ಕೆಲಸ ಬಿತ್ತು. ಅದು ಅವರು ವಿಶೇಷವಾಗಿ ಓದಿದ ವಿಷಯವಲ್ಲ. ಕಾಲು ಕತ್ತರಿಸಿಕೊಂಡವರು, ಪೋಲಿಯೊ ಪೀಡಿತ ಮಕ್ಕಳು ವಾರ್ಡಿನ ತುಂಬ ಇದ್ದರು. ಹೆಚ್ಚಿನವರು ಹಳ್ಳಿಯವರು. ಶಸ್ತ್ರಚಿಕಿತ್ಸೆ ಮಾಡಿ ಜೀವ ಉಳಿಸಿ ಕಳಿಸಿದವರು, ದುಡ್ಡು ಹೊಂದಿಸಿ ಮಾಡಿಸಿಕೊಂಡ ಕೃತಕ ಕಾಲನ್ನು ಮನೆಯಲ್ಲಿಟ್ಟು ಊರುಗೋಲಿನ ಮೇಲೆ ತಪಾಸಣೆಗೆ ಬರುತ್ತಿದ್ದುದನ್ನು ಸೇಠಿ ಗಮನಿಸಿದರು.

ಇಂಥ ರೋಗಿಗಳಿಗೆ ‘ಹೇಳಿದ ಮಾತು ಕೇಳದವರು’ ಎಂಬ ಹಣೆಪಟ್ಟಿ ಹಚ್ಚುವುದು ಸುಲಭ. ಸೇಠಿ ಆ ದಾರಿ ಹಿಡಿಯದೆ, ಕಾಲು ಯಾಕೆ ಮೂಲೆ ಸೇರಿತು ಎಂದು ಕೇಳಿದರು. ಉತ್ತರಗಳು ಬಹಳ ಸಾದಾ. ಬೂಟು ಹಾಕಿಕೊಂಡು ಗುಡಿಗೆ, ಅಡುಗೆಮನೆಗೆ ಹೋಗುವಂತಿಲ್ಲ. ಬೂಟು ಬಿಚ್ಚಿದರೆ ಅದರ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ್ದ ಕಾಲು ತಾಳ ತಪ್ಪುತ್ತದೆ. ನೀರಿಗಿಳಿದರೆ ಬೂಟೂ ಪಾದವೂ ಹಾಳಾಗುತ್ತವೆ. ಕುಕ್ಕರುಗಾಲಿನಲ್ಲಿ ಕೂರಲಾಗುವುದಿಲ್ಲ, ಚಕ್ಕಳಮಕ್ಕಳ ಹಾಕಲಾಗುವುದಿಲ್ಲ, ಉತ್ತ ನೆಲದ ಮೇಲೆ ನಡೆಯಲಾಗುವುದಿಲ್ಲ.

ಇದರ ಹಿಂದೆ ಸರಳವಾದ ಯಂತ್ರಶಾಸ್ತ್ರವಿದೆ. ಓದುಗರು ಈಗಲೇ ಎದ್ದು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ನೋಡಬಹುದು. ಅಂಗಾಲು ನೆಲಕ್ಕಂಟಿಯೇ ಇರುತ್ತದೆ, ಮೊಣಕಾಲು ಮುಂದೆ ಬಾಗುತ್ತದೆ. ಅಂದರೆ ಹರಡಿನಲ್ಲಿ ಪಾದ ಮೇಲ್ಮುಖವಾಗಿ ಮಡಚಬೇಕು. ಒಳಗೆ ಮುಂಗಾಲಿನವರೆಗೂ ಗಟ್ಟಿ ಮರವಿರುವ ಪಾದ ಹಾಗೆ ಮಡಚುವುದಿಲ್ಲ, ಕೂರಲು ಹೋದವರು ಹಿಂದಕ್ಕೆ ಬೀಳುತ್ತಾರೆ. ಚಕ್ಕಳಮಕ್ಕಳ ಹಾಕುವಾಗ ಪಾದ ಒಳಕ್ಕೆ ತಿರುಚಿಕೊಳ್ಳಬೇಕು. ಗದ್ದೆಯ ಬದುವಿನ ಮೇಲೆ ನಡೆಯುವಾಗ ಅದು ಎಡಕ್ಕೂ ಬಲಕ್ಕೂ ವಾಲಿ ನೆಲದ ಏರುತಗ್ಗಿಗೆ ಒಗ್ಗಿಕೊಳ್ಳಬೇಕು. ಬರ್ಕ್ಲಿಯ ಪ್ರಯೋಗಾಲಯದಲ್ಲಿ ಬುದ್ಧಿವಂತಿಕೆಗೆ ಕೊರತೆಯಿರಲಿಲ್ಲ. ಅಲ್ಲಿ ಅಳೆದ ನಡಿಗೆಯಲ್ಲಿ ಗದ್ದೆ ಇರಲಿಲ್ಲ, ಅಷ್ಟೆ.

*

ಅದೇ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಇದ್ದರು. ರೋಗಿಗಳಿಗೆ ಕೈಕಸುಬು ಕಲಿಸಲು ಬಂದವರು. ಎಲ್ಲರೂ ಅವರನ್ನು ‘ಮಾಸ್ಟರ್‌ಜಿ’ ಎಂದೇ ಕರೆಯುತ್ತಿದ್ದರು. ಕುಶಲಕರ್ಮಿಗಳ ಮನೆತನ, ಶಾಲೆಯ ಓದು ಕೆಲವೇ ವರ್ಷದ್ದು. ಮರ, ಲೋಹ, ಕಲ್ಲು ಯಾವುದು ಕೊಟ್ಟರೂ ಕೈಯಲ್ಲಿ ರೂಪ ಪಡೆಯುತ್ತಿತ್ತು. ನಡಿಗೆಯ ಅಂಗರಚನೆ ಸೇಠಿಯವರಿಗೆ ಗೊತ್ತಿತ್ತು. ಯಾವ ವಸ್ತು ಎಲ್ಲಿ ಬಾಗುತ್ತದೆ, ಎಲ್ಲಿ ಬಿರಿಯುತ್ತದೆ ಎಂಬುದು ಮಾಸ್ಟರ್‌ಜಿಯ ಬೆರಳಿಗೆ ಗೊತ್ತಿತ್ತು. ಆಸ್ಪತ್ರೆಯ ಶ್ರೇಣಿಯಲ್ಲಿ ಇವರಿಬ್ಬರ ನಡುವೆ ಎಷ್ಟು ಮೆಟ್ಟಿಲುಗಳಿದ್ದವೆಂಬುದನ್ನು ಸರ್ಕಾರಿ ಆಸ್ಪತ್ರೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಹಳ ಸಲ ಹೇಳಿ ಹೇಳಿ ಜನಪದ ಕತೆಯಂತಾಗಿರುವ ಪ್ರಸಂಗವೊಂದಿದೆ. ಮಾಸ್ಟರ್‌ಜಿಯ ಸೈಕಲ್ ಚಕ್ರದ ಗಾಳಿ ಹೋಯಿತಂತೆ. ರಿಪೇರಿಗೆ ಹೋದ ಕಡೆ ಲಾರಿಯ ಸವೆದ ಟೈರಿಗೆ ಹೊಸ ರಬ್ಬರು ಹಾಕಿ ಬೇಯಿಸುತ್ತಿದ್ದರಂತೆ. ಟೈರು ತಾಳುವುದಾದರೆ ಪಾದ ಯಾಕೆ ತಾಳಬಾರದು ಎಂದು ಅವರಿಗೆ ಹೊಳೆಯಿತಂತೆ. ಇಂಥ ಕತೆಗಳಲ್ಲಿ ಒಂದು ಅಪಾಯವಿದೆ. ನ್ಯೂಟನ್ನನ ಸೇಬಿನ ಹಾಗೆ ಅವು ವರ್ಷಗಳ ದುಡಿಮೆಯನ್ನು ಒಂದು ಗಳಿಗೆಯ ಹೊಳಹಿಗೆ ಇಳಿಸಿಬಿಡುತ್ತವೆ. ಕುಶಲಕರ್ಮಿಯ ವಿಷಯದಲ್ಲಿ ನಾವು ಹೀಗೆ ಮಾಡುವುದು ಹೆಚ್ಚು. ವಿಜ್ಞಾನಿ ‘ಸಂಶೋಧಿಸಿದ’ ಎನ್ನುತ್ತೇವೆ, ಬಡಗಿಗೆ ‘ಹೊಳೆಯಿತು’ ಎನ್ನುತ್ತೇವೆ.

ಆಗಿದ್ದು ಸಂಶೋಧನೆಯೇ. ಇಡೀ ಪಾದವನ್ನು ರಬ್ಬರಿನಲ್ಲೇ ಎರಕ ಹೊಯ್ದರೆ ಅದು ಭಾರ. ಮೆತ್ತಗೆ ಮಾಡಿದರೆ ಹರಿಯುತ್ತದೆ, ಗಟ್ಟಿ ಮಾಡಿದರೆ ಬಾಗುವುದಿಲ್ಲ. ಮಾಡಿದ್ದನ್ನು ರೋಗಿ ಹಾಕಿಕೊಂಡು ನಡೆಯಬೇಕು, ಕೂರಬೇಕು, ಮುರಿಯಬೇಕು. ಮುರಿದ ಕಡೆ ನೋಡಿ ಮತ್ತೆ ಮಾಡಬೇಕು. 1968ರ ಹೊತ್ತಿಗೆ ರೂಪುಗೊಂಡ ಪಾದದೊಳಗೆ ಮೂರು ಭಾಗಗಳಿದ್ದವು. ಹಿಮ್ಮಡಿಗೂ ಮುಂಗಾಲಿಗೂ ಹವಾಯಿ ಚಪ್ಪಲಿಯ ಅಟ್ಟೆಗೆ ಬಳಸುವಂಥ ಹಗುರವಾದ ಸ್ಪಂಜು ರಬ್ಬರಿನ ಅಚ್ಚುಗಳು. ಹರಡಿನ ಜಾಗದಲ್ಲಿ ಮಾತ್ರ ಮರದ ತುಂಡು. ಸ್ಯಾಚ್ ಪಾದದಲ್ಲಿ ಮುಂಗಾಲಿನವರೆಗೂ ಚಾಚಿಕೊಂಡಿದ್ದ ಮರವನ್ನು ಹೀಗೆ ಮೊಟಕುಗೊಳಿಸಿದ್ದರಿಂದ ಉಳಿದ ಪಾದ ಎಲ್ಲ ದಿಕ್ಕಿಗೂ ಬಾಗತೊಡಗಿತು. ಈ ಮೂರನ್ನೂ ಟೈರಿನೊಳಗೆ ಇರುವಂಥ ನೂಲಿನ ಪಟ್ಟಿಗಳಿಂದ ಸುತ್ತಿ, ಮೇಲೆ ಚರ್ಮದ ಬಣ್ಣದ ರಬ್ಬರು ಹೊದಿಸಿ, ಪಾದದ ಆಕಾರದ ಲೋಹದ ಅಚ್ಚಿನಲ್ಲಿಟ್ಟು ಬೇಯಿಸುತ್ತಿದ್ದರು. ಗಂಧಕ ಬೆರೆತ ರಬ್ಬರು ಕಾವಿಗೆ ಗಟ್ಟಿಯಾಗುವ ಈ ಕ್ರಿಯೆಗೆ ವಲ್ಕನೀಕರಣ ಎನ್ನುತ್ತಾರೆ. ಟೈರಿನ ಅಂಗಡಿಯವನು ದಿನಾ ಮಾಡುವುದೂ ಅದನ್ನೇ. ಮೊಣಕಾಲಿನಿಂದ ಹರಡಿನವರೆಗಿನ ಭಾಗಕ್ಕೆ ಅಲ್ಯೂಮಿನಿಯಂ ತಗಡು. ಪಾತ್ರೆ ಬಡಿಯುವವರು ಮಾಡುವ ಹಾಗೆ ಅದನ್ನು ಬಡಿದು, ಮಡಚಿ, ಕಾಲಿನ ಆಕಾರಕ್ಕೆ ತರುತ್ತಿದ್ದರು.

ಈ ಪಾದ ಈಡೇರಿಸಬೇಕಾದ ಷರತ್ತುಗಳನ್ನು ಸೇಠಿ ಪಟ್ಟಿ ಮಾಡಿದ್ದರು. ಬೂಟಿನ ಹಂಗಿಲ್ಲದೆ ಬರಿಗಾಲಿನಲ್ಲಿ ನಡೆಯುವಂತಿರಬೇಕು. ಹೊರಮೈಗೆ ನೀರು ತಾಗಿದರೂ ಹಾಳಾಗಬಾರದು, ಬಾಳಿಕೆ ಬರಬೇಕು. ಕುಕ್ಕರುಗಾಲಿನಲ್ಲಿ ಕೂರುವಷ್ಟು ಮೇಲಕ್ಕೆ ಮಡಚಬೇಕು. ನಡೆಯುವಾಗಲೂ ಚಕ್ಕಳಮಕ್ಕಳ ಹಾಕುವಾಗಲೂ ಬೇಕಾದಷ್ಟು ತಿರುಗಬೇಕು. ಏರುತಗ್ಗಿನ ನೆಲಕ್ಕೆ ಒಗ್ಗುವಷ್ಟು ಪಕ್ಕಕ್ಕೆ ವಾಲಬೇಕು. ಅಗ್ಗವಾಗಿರಬೇಕು. ಕೈಗೆ ಸಿಗುವ ಸಾಮಗ್ರಿಯಿಂದಲೇ ಆಗಬೇಕು. ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಇದು ತಾಂತ್ರಿಕ ವಿವರಣೆಯಂತೆ ಕಂಡಿತ್ತು. ಎರಡನೆಯ ಸಲ ಓದಿದಾಗ, ಕಾಲನ್ನು ಅಟ್ಟಕ್ಕೆ ಹಾಕಿದವರ ತಕರಾರುಗಳನ್ನೇ ಒಂದೊಂದಾಗಿ ಎಂಜಿನಿಯರಿಂಗ್ ಭಾಷೆಗೆ ತಿರುಗಿಸಿದ್ದಾರೆ ಎಂದು ಗೊತ್ತಾಯಿತು.

*

1978ರಲ್ಲಿ ಕೃತಕ ಅಂಗಗಳ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ರಬ್ಬರ್ ಪಾದದ ಬಗ್ಗೆ ಲೇಖನ ಬಂತು. ಲೇಖಕರು ನಾಲ್ವರು: ಸೇಠಿ, ಉದಾವತ್, ಕಾಸ್ಲಿವಾಲ್, ಚಂದ್ರ. ಕೊನೆಯ ಹೆಸರು ಮಾಸ್ಟರ್‌ಜಿಯದು. ಪಿಎಚ್.ಡಿ. ವಿದ್ಯಾರ್ಥಿಗಳಾದ ನಮಗೆ ಲೇಖಕರ ಹೆಸರುಗಳ ಕ್ರಮ ಎಂದರೆ ಜಾತಕ ಓದಿದ ಹಾಗೆ. ಆ ನಾಲ್ಕನೆಯ ಹೆಸರನ್ನು ಎರಡು ರೀತಿ ಓದಬಹುದು. ವೈದ್ಯರ ಪತ್ರಿಕೆಯಲ್ಲಿ, ಡಿಗ್ರಿಯಿಲ್ಲದ ಕುಶಲಕರ್ಮಿಯ ಹೆಸರನ್ನು ಲೇಖಕನಾಗಿ ಹಾಕಿದ್ದು ಆ ಕಾಲಕ್ಕೂ ಈ ಕಾಲಕ್ಕೂ ಅಪರೂಪ. ಪಾರೆ ಅಡ್ಡಹೆಸರು ಕೊಟ್ಟಿದ್ದ, ಸೇಠಿ ಲೇಖಕನ ಸ್ಥಾನ ಕೊಟ್ಟರು. ಹಾಗೆಯೇ, ಮರವನ್ನು ಎಲ್ಲಿಗೆ ಮೊಟಕುಗೊಳಿಸಬೇಕು, ರಬ್ಬರನ್ನು ಎಷ್ಟು ಪದರ ಸುತ್ತಬೇಕು ಎಂದು ಕೈಯಿಂದ ಕಂಡುಕೊಂಡವರ ಹೆಸರು ಸಾಲಿನ ತುದಿಯಲ್ಲಿದೆ. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಅದೇ ವರ್ಷ ಪದ್ಮಶ್ರೀಯೂ ಬಂತು. ಎರಡಕ್ಕೂ ಅವರು ಅರ್ಹರೇ. ಮಾಸ್ಟರ್‌ಜಿಯ ಹೆಸರು ಮಾತ್ರ ಪತ್ರಿಕೆಗಳಲ್ಲಿ ಸೈಕಲ್ ಕತೆಯ ಜೊತೆಗಷ್ಟೇ ಮತ್ತೆ ಮತ್ತೆ ಬಂತು.

ಇನ್ನೂ ಒಂದು ಗುಂಪಿನವರ ಹೆಸರು ಆ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಹಾಕಿಕೊಂಡು ನಡೆದವರು, ನೋವಾದಾಗ ಬಿಚ್ಚಿಟ್ಟವರು, ‘ಇಲ್ಲಿ ಒತ್ತುತ್ತದೆ’ ಎಂದು ಬೆರಳಿಟ್ಟು ತೋರಿಸಿದವರು. ಅವರ ತಿರಸ್ಕಾರ ಇಲ್ಲದಿದ್ದರೆ ಆ ಷರತ್ತುಗಳ ಪಟ್ಟಿಯೇ ಹುಟ್ಟುತ್ತಿರಲಿಲ್ಲ.

*

ಒಳ್ಳೆಯ ಸಾಧನವೊಂದು ತಯಾರಾದ ಮಾತ್ರಕ್ಕೆ ಜನರ ಕೈ ಸೇರುವುದಿಲ್ಲ. ಮೊದಲ ಏಳು ವರ್ಷಗಳಲ್ಲಿ ಈ ಪಾದ ಸಿಕ್ಕಿದ್ದು ಬೆರಳೆಣಿಕೆಯ ಕೆಲವು ಡಜನ್ ಜನಕ್ಕೆ. ಅದು ಬದಲಾದದ್ದು 1975ರಲ್ಲಿ, ರಾಜಸ್ಥಾನದ ಐಎಎಸ್ ಅಧಿಕಾರಿ ಡಿ.ಆರ್. ಮೆಹ್ತಾ ಅವರು ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದ ಮೇಲೆ. ಕೆಲವು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ಅವರದೇ ಕಾಲು ಹೋಗುವ ಹಂತಕ್ಕೆ ಬಂದು ಉಳಿದಿತ್ತು. ಈ ಸಂಸ್ಥೆಯ ಕ್ರಮ ಸರಳ: ಬಂದವರಿಗೆ ಉಚಿತವಾಗಿ, ಆದಷ್ಟು ಬೇಗ ಕಾಲು ಕೊಟ್ಟು ಕಳಿಸುವುದು. ಕೂಲಿ ಬಿಟ್ಟು ಬಂದವರು ಆಸ್ಪತ್ರೆಯಲ್ಲಿ ವಾರಗಟ್ಟಲೆ ಕಾಯಲಾರರೆಂಬ ತಿಳಿವಳಿಕೆ ಅದರ ಹಿಂದಿತ್ತು. ಪಾದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಆದ್ದರಿಂದ ಯಾರು ಬೇಕಾದರೂ ಮಾಡಬಹುದಾಗಿತ್ತು. ತಗಡಿನ ಜಾಗಕ್ಕೆ ಮುಂದೆ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಬಂತು. ಹೊಲಕ್ಕೆ ನೀರು ಹಾಯಿಸುವ ಆ ಪೈಪನ್ನು ಕಾಯಿಸಿ, ರೋಗಿಯ ಮೋಟುಗಾಲಿನಿಂದ ತೆಗೆದ ಪ್ಲಾಸ್ಟರ್ ಅಚ್ಚಿನ ಮೇಲೆ ಎಳೆದರೆ ಗಂಟೆಗಳಲ್ಲಿ ಕಾಲು ಸಿದ್ಧ. ನೆಲಬಾಂಬುಗಳಿಂದ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದವರೆಗೆ, ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳಿಗೆ ಶಿಬಿರಗಳ ಮೂಲಕ ಜೈಪುರ ಕಾಲು ಹೋಯಿತು. ನಮ್ಮಲ್ಲಿ ಬಹಳ ಜನಕ್ಕೆ ಅದರ ಹೆಸರು ಗೊತ್ತಾದದ್ದು ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ ಅವರಿಂದ. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡ ಅವರು ಜೈಪುರ ಕಾಲು ಕಟ್ಟಿಕೊಂಡು ಮತ್ತೆ ನರ್ತಿಸಿದರು, ತೆಲುಗಿನ ‘ಮಯೂರಿ’ ಚಿತ್ರದಲ್ಲಿ ತಮ್ಮದೇ ಕತೆಯ ನಾಯಕಿಯೂ ಆದರು.

ಆಮೇಲಿನ ದಿನಗಳಲ್ಲಿ ಬೇರೆ ಬೇರೆ ಶಿಸ್ತಿನವರು ಈ ಕೆಲಸಕ್ಕೆ ಬಂದು ಸೇರಿದರು. ಪಾದವನ್ನು ಪಾಲಿಯುರೆಥೇನ್‌ನಲ್ಲಿ ಹಗುರವಾಗಿ ಮಾಡುವ ವಿಧಾನದಲ್ಲಿ ಇಸ್ರೋ ನೆರವಾಯಿತು. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಜೈಪುರದವರ ಜೊತೆಗೂಡಿ, ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರಿಗಾಗಿ ನೈಲಾನಿನ ಅಗ್ಗದ ಮೊಣಕಾಲು ಕೀಲನ್ನು ರೂಪಿಸಿದರು. ‘ಟೈಮ್’ ಪತ್ರಿಕೆ 2009ರ ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಹೈದರಾಬಾದಿನಲ್ಲಿ ಕ್ಷಿಪಣಿಗಾಗಿ ತಯಾರಾದ ಹಗುರ ವಸ್ತುವಿನಿಂದ ಪೋಲಿಯೊ ಪೀಡಿತ ಮಕ್ಕಳ ಕ್ಯಾಲಿಪರ್ ಮಾಡಿ, ಮೂರು ಕಿಲೋ ತೂಕವನ್ನು 300 ಗ್ರಾಮಿಗೆ ಇಳಿಸಿದ್ದನ್ನು ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಅಲ್ಲಿಯೂ ಕೆಲಸ ಶುರುವಾದದ್ದು ಒಬ್ಬ ಮೂಳೆ ವೈದ್ಯರು ಕ್ಷಿಪಣಿ ಪ್ರಯೋಗಾಲಯಕ್ಕೆ ಬಂದು, ಅವರನ್ನು ವಾರ್ಡಿಗೆ ಕರೆದೊಯ್ದು ಮಕ್ಕಳನ್ನು ತೋರಿಸಿದ ಮೇಲೆ.

ಹೊಗಳಿಕೆಯ ಜೊತೆಗೆ ತಕರಾರುಗಳೂ ಇವೆ. 1995ರಲ್ಲಿ ಸ್ಯಾಚ್, ಸಿಯಾಟಲ್, ಜೈಪುರ ಪಾದಗಳನ್ನು ಹೋಲಿಸಿದ ಅಧ್ಯಯನವೊಂದು ಜೈಪುರ ಪಾದದ ನಡಿಗೆ ಸಹಜ ನಡಿಗೆಗೆ ಹೆಚ್ಚು ಹತ್ತಿರ ಎಂದಿತು. 2004ರಲ್ಲಿ ಪೈಪಿನಿಂದ ಮಾಡಿದ ಕಾಲುಗಳನ್ನು ಬಳಸುತ್ತಿದ್ದವರ ಬಳಿಗೇ ಹೋಗಿ ನೋಡಿದ ಅಧ್ಯಯನಗಳು ಬೇರೆ ಮಾತು ಹೇಳಿದವು. ಮೋಟುಗಾಲು ಕೂರುವ ಸಾಕೆಟ್ ಸರಿಯಾಗಿ ಹೊಂದುವುದಿಲ್ಲ, ಬಾಳಿಕೆ ಸಾಲದು, ಅದರಲ್ಲೂ ತೊಡೆಯ ಮಟ್ಟದ ಕಾಲುಗಳಲ್ಲಿ ಈ ದೋಷ ಹೆಚ್ಚು ಎಂದವು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು. ಪಾದ ಒಂದು, ಅದನ್ನು ದೇಹಕ್ಕೆ ಹೊಂದಿಸುವ ಕೆಲಸ ಇನ್ನೊಂದು. ಪಾದವನ್ನು ಅಚ್ಚಿನಲ್ಲಿ ಸಾವಿರಗಟ್ಟಲೆ ಮಾಡಬಹುದು. ಹೊಂದಿಸುವುದು ಪ್ರತಿ ದೇಹಕ್ಕೂ ಹೊಸದಾಗಿ, ನುರಿತ ಕೈಯಿಂದ, ಮತ್ತೆ ಮತ್ತೆ ಆಗಬೇಕು. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಹೊಂದಿಸುವ ಕೆಲಸಕ್ಕೆ ಜನರನ್ನು ತರಬೇತುಗೊಳಿಸುತ್ತಿವೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಅವರಲ್ಲಿ 54 ಲಕ್ಷ ಜನರದು ಚಲನೆಯ ತೊಂದರೆ. ಇಷ್ಟು ಜನರ ಮುಂದೆ, ಎಷ್ಟು ಕಾಲು ಹಂಚಿದೆವು ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ಎಷ್ಟು ಕಾಲು ಇನ್ನೂ ನಡೆಯುತ್ತಿವೆ ಎಂಬುದಕ್ಕೆ ಮನೆಮನೆಗೆ ಹೋಗಬೇಕು.

*

ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಹೋದ ಮೊದಲ ಮನೆ ನಮ್ಮದೇ. ಅಷ್ಟು ಹೊತ್ತಿಗೆ ಬೇರೆ ಜಿಲ್ಲೆಗಳ ಇಪ್ಪತ್ತೆರಡು ಜನರ ಸಂದರ್ಶನ ಮಾಡಿಯಾಗಿತ್ತು. ದೊಡ್ಡಪ್ಪನ ಜೊತೆ ಒಂದು ಸಲವೂ ಈ ಮಾತು ಎತ್ತಿರಲಿಲ್ಲ ಎಂಬುದು ನೆನಪಾಗಿ ನಾಚಿಕೆಯಾಯಿತು. ಸಂಜೆ ದನಗಳಿಗೆ ಕಿಚ್ಚು ಹಾಯಿಸಿ ಬಂದ ಮೇಲೆ, ಜಗಲಿಯ ಮೇಲೆ ಕೂತು ಕೇಳಿದೆ:

“ದೊಡ್ಡಪ್ಪ, ಅಟ್ಟದ ಮೇಲಿರೋ ಬೂಟಿನ ಕಾಲನ್ನ ಯಾಕೆ ಬಿಟ್ರಿ?”

“ಹಾಕ್ಕಂಡೆ ಕಣ್ ಮಗ, ಮೂರ್ ತಿಂಗ್ಳು ಹಾಕ್ಕಂಡೆ. ಬದಿನ್ ಮೇಲೆ ಜಾರೋದು. ಕೆಸ್ರಿಗೆ ಇಳುದ್ರೆ ಬೂಟು ನೀರ್ ಕುಡ್ಕಂಡು ಮಣಭಾರ ಆಗೋದು. ಬೂಟ್ ಬಿಚ್ಚಿ ದೇವ್ರ ಮನೆಗೆ ಹೋದ್ರೆ ಕಾಲ್ ಗಿಡ್ಡ ಆಗೋದು.”

ಸೇಠಿಯವರ ಪಟ್ಟಿಯ ಒಂದೊಂದೇ ಷರತ್ತನ್ನು ಅವರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಅವರು ಹೇಳಿದ್ದು ಯಾವ ಪಟ್ಟಿಯಲ್ಲೂ ಇರಲಿಲ್ಲ.

“ನೆಲದ್ ಮೇಲೆ ಕೂರಕ್ಕಾಯ್ತಿರ್ನಿಲ್ಲ. ಹಬ್ಬದಲ್ಲಿ ಎಲ್ಲಾರೂ ಸಾಲಾಗ್ ಕೂತ್ಕಂಡ್ರೆ ನಂಗೊಬ್ಬುಂಗೆ ಕುರ್ಚಿ ಹಾಕೋರು. ನಮ್ಮನೇಲೇ ನಾನು ನೆಂಟ ಆಗ್ಬುಟ್ಟಿದ್ದೆ. ಅದ್ಕೆ ತಗ್ದು ಅಟ್ಟಕ್ ಹಾಕ್ದೆ.”

ಎರಡನೆಯ ಕಾಲಿನ ಬಗ್ಗೆ ಕೇಳಿದೆ. ತಾಲ್ಲೂಕಿನಲ್ಲಿ ಶಿಬಿರ ಹಾಕಿದ್ದರು, ಬೆಳಿಗ್ಗೆ ಅಳತೆ ಕೊಟ್ಟು ಸಂಜೆ ಹಾಕಿಕೊಂಡು ಬಸ್ಸು ಹತ್ತಿದರಂತೆ. ಅದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು ಎಂದೇನೂ ಅವರು ಹೇಳಲಿಲ್ಲ. ಸಾಕೆಟ್ ಒಂದು ಕಡೆ ಒತ್ತಿ ಹುಣ್ಣಾಗುತ್ತಿತ್ತು, ಹಳೆ ಪಂಚೆ ಸುತ್ತಿಕೊಂಡು ಸುಧಾರಿಸಿದರು. ಮೂರನೆಯ ವರ್ಷ ಹಿಮ್ಮಡಿಯ ರಬ್ಬರು ಬಿರುಕು ಬಿಟ್ಟಿತು. ಶಿಬಿರ ಹೋಗಿಯಾಗಿತ್ತು. ಊರ ಬಾಗಿಲಿನ ಪಂಕ್ಚರ್ ಅಂಗಡಿಯವನು ಸೊಲ್ಯೂಷನ್ ಹಚ್ಚಿ ತೇಪೆ ಹಾಕಿಕೊಟ್ಟ. ಅದು ಆರು ತಿಂಗಳು ಬಂತು. ಕೊನೆಗೆ ಬೆಂಗಳೂರಿಗೆ ಎರಡು ಸಲ ಓಡಾಡಿ ಹೊಸದು ಮಾಡಿಸಿಕೊಂಡರು. ಈಗ ಹಾಕಿಕೊಂಡಿರುವುದು ಅದೇ.

“ಕಾಲು ಕೊಟ್ಟೋರು ಯಾರಾದ್ರೂ ಆಮೇಲೆ ಬಂದು ಹೆಂಗಿದೆ ಅಂತ ಕೇಳಿದ್ರಾ?”

“ಯಾರ್ ಕೇಳಾರು? ಮೊದ್ಲನೇದ್ ಕೊಟ್ಟೋರೂ ಕೇಳ್ನಿಲ್ಲ, ಎರಡ್ನೇದ್ ಕೊಟ್ಟೋರೂ ಕೇಳ್ನಿಲ್ಲ. ನೀನೇ ಕಣ್ ಮಗ ಮೊದ್ಲು ಕೇಳ್ತಿರೋಳು.”

ಇಪ್ಪತ್ತು ವರ್ಷ ದಾಟಿದ ಮೇಲೆ.

ಜೈಪುರದಲ್ಲಿ ಒಂದು ಕಾಲದಲ್ಲಿ ನಡೆದ ಕೆಲಸದ ಬೆಲೆ ನನಗೆ ಸರಿಯಾಗಿ ತಿಳಿದದ್ದು ಆ ಜಗಲಿಯ ಮೇಲೆ. ವೈದ್ಯ, ಕುಶಲಕರ್ಮಿ, ಎಂಜಿನಿಯರು ಒಂದು ಮೇಜಿನ ಸುತ್ತ ಕೂತರೆ ಅಂತರ್‌ಶಿಸ್ತೀಯ ಎನ್ನುತ್ತೇವೆ. ಆ ಮೇಜಿಗೆ ಬರಬೇಕಾದ ಇನ್ನೊಬ್ಬರು, ಕಾಲನ್ನು ಬಿಚ್ಚಿಟ್ಟವರು. ಸೇಠಿ ಮತ್ತು ಮಾಸ್ಟರ್‌ಜಿ ಅವರ ಮಾತನ್ನು ಕಿವಿಗೆ ಹಾಕಿಕೊಂಡಿದ್ದರಿಂದ ಆ ಪಾದ ಹುಟ್ಟಿತು. ಪಾದ ಊರೂರಿಗೆ ಹೋಯಿತು, ಕೇಳುವ ಅಭ್ಯಾಸ ಅದರ ಜೊತೆ ಅಷ್ಟು ದೂರ ಹೋಗಲಿಲ್ಲ.

ದೊಡ್ಡಪ್ಪನ ಮಾತನ್ನು ಪ್ರಬಂಧದಲ್ಲಿ ಬಳಸಿಕೊಳ್ಳುತ್ತೇನೆ ಎಂದಾಗ ನನ್ನ ಮಾರ್ಗದರ್ಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ವಂತ ಮನೆಯವರ ಹೇಳಿಕೆಯನ್ನು ಆಕರವಾಗಿ ಒಪ್ಪಿಸುವುದು ಕಷ್ಟ ಎಂದರು. ಅವರ ಅನುಮಾನದಲ್ಲಿ ಅರ್ಥವಿದೆ. ಇಪ್ಪತ್ತಮೂರನೆಯ ಸಂದರ್ಶನ ಎಂದು ದಿನಾಂಕ ಹಾಕಿ, ಸಂಬಂಧವನ್ನೂ ಮುಚ್ಚಿಡದೆ ಬರೆದು, ಸೇರಿಸಿದ್ದೇನೆ. ವೈದ್ಯರು ಸಾಕೆಟ್ ಒತ್ತುವ ಜಾಗ ಯಾವುದು ಎಂದು ಕೇಳಿದ್ದಾರೆ. ಮುಂದಿನ ತಿಂಗಳು ದೊಡ್ಡಪ್ಪನನ್ನು ಕರೆದುಕೊಂಡು ಬಾ ಎಂದೂ ಹೇಳಿದ್ದಾರೆ.

ಅಟ್ಟದ ಮೇಲಿನ ಕಾಲನ್ನು ಅಧ್ಯಯನಕ್ಕೆಂದು ಬೆಂಗಳೂರಿಗೆ ಒಯ್ಯಲೇ ಎಂದು ಕೇಳಿದ್ದೆ. ದೊಡ್ಡಪ್ಪ ಬೇಡ ಎಂದರು. ಫೋಟೋ ಬೇಕಾದರೆ ತೆಗೆದುಕೋ, ಗೌರಿ ಹಬ್ಬಕ್ಕೆ ಇಳಿಸುತ್ತೇವಲ್ಲ, ಆಗ ಬಾ ಎಂದರು.